ಹಲ್ಲಿನ ಕುರ್ಚಿಯ ಬಾಜು ಕೂರುವ ಆದೆಮ್ಮ

ರಾಯಚೂರಿನ ಕೋಟೆಗುಡ್ಡದ ಮೇಲೆ ಇನ್ನೂ ಮಬ್ಬು. ತೀನ್ ಕಂದೀಲ್ ವೃತ್ತದ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಹಲ್ಲಿನ ದವಾಖಾನೆಯೊಳಗೆ ಸೀಮೆಎಣ್ಣೆ ಸ್ಟೋವಿನ ನೀಲಿ ಉರಿ ಮಾತ್ರ ಎಚ್ಚರಾಗಿದೆ. ಅದರ ಮೇಲಿನ ಪಾತ್ರೆಯಲ್ಲಿ ಹಲ್ಲು ಕೀಳುವ ಇಕ್ಕಳಗಳು ಕುದಿಯುತ್ತ, ಒಂದಕ್ಕೊಂದು ತಾಗಿ ಸಣ್ಣಗೆ ದನಿ ಮಾಡುತ್ತಿವೆ. ಪಕ್ಕದಲ್ಲಿ ಕಾಲು ಚಾಚಿ ಕೂತ ಆದೆಮ್ಮ ಅರಳೆಯನ್ನು ಬೆರಳತುದಿಯಲ್ಲಿ ತಿರುವಿ ತಿರುವಿ ಉಂಡೆ ಕಟ್ಟುತ್ತಾರೆ. ಗಂಜ್ ಮಾರುಕಟ್ಟೆ ಕಡೆಯ ಹತ್ತಿ ಮಿಲ್ಲುಗಳಿಂದ ಹಾರಿಬಂದ ಎಳೆಗಳು ಕಿಟಕಿಯ ಸರಳಿಗೆ ಅಂಟಿ, ಯಾರೋ ಉಸಿರಾಡಿದಂತೆ ಅಲುಗುತ್ತಿವೆ. ನೂರೈವತ್ತು ಉಂಡೆ ಆಗುವ ಹೊತ್ತಿಗೆ ಗಲ್ಲಿಯಲ್ಲಿ ಮೊದಲ ಟಾಂಗಾದ ಸದ್ದು ಕೇಳುತ್ತದೆ.

ಕಾಗದದ ಮೇಲೆ ಆದೆಮ್ಮ ಇಲ್ಲಿಯ ಆಯಾ. ಕಸ ಗುಡಿಸಬೇಕು, ನೀರು ತುಂಬಬೇಕು, ಸಾಮಾನು ಕುದಿಸಬೇಕು. ಆದರೆ ಡಾಕ್ಟರ್ ಅಲ್ಲಾಉದ್ದೀನ್ ಸಾಹೇಬರನ್ನು ಕೇಳಿದರೆ ಬೇರೆಯದೇ ಹೇಳುತ್ತಾರೆ. ದಿನಕ್ಕೆ ಇಪ್ಪತ್ತೈದು ಮಂದಿ ಬರುತ್ತಾರೆ. ಅವರಲ್ಲಿ ನಾಲ್ಕೈದು ಮಂದಿಗೆ ನೋವಿನ ಭಯಕ್ಕಿಂತ ವಾಂತಿಯ ಭಯ ದೊಡ್ಡದು. ಬಾಯೊಳಗೆ ನೋಡುವ ಪುಟ್ಟ ಕನ್ನಡಿ ನಾಲಿಗೆಗೆ ತಾಗಿತೋ ಇಲ್ಲವೋ ಬಾಯಿ ಮುಚ್ಚಿಬಿಡುತ್ತಾರೆ. "ಅವರ ಬಾಯಾಗಿನ ಹಲ್ಲು ನಾ ತೆಗೀತೀನಿ. ಬಾಯಿ ತೆಗಸೋದು ಮಾತ್ರ ಆದೆಮ್ಮನ ಕೆಲಸ" ಎನ್ನುತ್ತಾರೆ ಸಾಹೇಬರು.

ಈ ಕೆಲಸವನ್ನು ಆಕೆಗೆ ಯಾರೂ ಕಲಿಸಲಿಲ್ಲ. ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ಕೂಲಿ ಮಾಡಿಕೊಂಡಿದ್ದ ಆದೆಮ್ಮ ಈ ಕೋಣೆಗೆ ಮೊದಲು ಬಂದದ್ದು 1973ರಲ್ಲಿ, ದವಡೆ ಹಲ್ಲು ಹಿಡಿದುಕೊಂಡು, ಗಂಡ ಜಂಬಣ್ಣನ ಹೆಗಲಿಗೆ ಒರಗಿ. ಕನ್ನಡಿ ನಾಲಿಗೆಯ ಹಿಂದಕ್ಕೆ ಹೋದದ್ದೇ ತಡ, ಸಾಹೇಬರ ತೋಳಿನ ಮೇಲೆಯೇ ವಾಂತಿ. ಬಾಗಿಲಲ್ಲಿ ಕೂತವರು ಮೂಗು ಮುಚ್ಚಿಕೊಂಡರು, ಒಬ್ಬ ನಕ್ಕ. ನಾಚಿಕೆಯಿಂದ ಕುಗ್ಗಿಹೋದ ಆಕೆ ಕಸಬರಿಗೆ ಕೇಳಿ, ತಾನೇ ನೆಲ ತೊಳೆದು, ಕೀಳದ ಹಲ್ಲಿನೊಂದಿಗೇ ಊರಿಗೆ ಹೊರಟುಬಿಟ್ಟರು.

"ಮೂರು ತಿಂಗಳು ಬಿಸಿ ಇಟ್ಟಂಗಿ ಬಟ್ಟ್ಯಾಗ ಸುತ್ತಿ ಗಲ್ಲಕ್ಕ ಇಟ್ಕೊಂಡು ಮಲಗೀನ್ರಿ" ಎಂದು ನೆನೆಯುತ್ತಾರೆ. "ನೋವು ತಡಕೊಂಡೆ. ಆ ನಕ್ಕಿದ್ದು ಮಾತ್ರ ತಡಕೊಳ್ಳಾಕ ಆಗಲಿಲ್ಲ."

ತಾಳಲಾರದೆ ಮತ್ತೆ ಬಂದಾಗ ಕುರ್ಚಿಯಲ್ಲಿ ಕಣ್ಣು ಮುಚ್ಚಿದರು. ಕಣ್ಣೊಳಗೆ ಮಸರಕಲ್ಲಿನ ಓಣಿ ಬಂತು. ಮನೆಯಿಂದ ಬಾವಿಯವರೆಗೆ ಒಂದೊಂದೇ ಹೆಜ್ಜೆ ನಡೆದರು. ಕಲ್ಲು ದಾಟಿದರು, ಜಾಲಿಗಿಡ ದಾಟಿದರು, ಬಾವಿಕಟ್ಟೆಗೆ ಕೈ ಹಚ್ಚುವಷ್ಟರಲ್ಲಿ ಹಲ್ಲು ತಟ್ಟೆಯಲ್ಲಿ ಬಿದ್ದಿತ್ತು. ಹಿಂದೊಮ್ಮೆ ನೆಲ ತೊಳೆದ ಹೆಣ್ಣುಮಗಳು ಇವಳೇ ಎಂದು ಗುರುತು ಹಿಡಿದ ಸಾಹೇಬರು, "ಇಲ್ಲೇ ಕೆಲಸಕ್ಕ ಇರ್ತಿ ಏನಮ್ಮ?" ಎಂದು ಕೇಳಿದರು. ಜಂಬಣ್ಣ ಗಂಜಿನಲ್ಲಿ ಮೂಟೆ ಹೊರುವ ಹಮಾಲಿ ಹಿಡಿದ. ಆರು ವರ್ಷ ಹಾಗೇ ಕಳೆಯಿತು. ಆಮೇಲೆ ಅವನು ಕಾಮಾಲೆಯಿಂದ ತೀರಿಕೊಂಡ. ಇಬ್ಬರು ಹೆಣ್ಣುಮಕ್ಕಳನ್ನು ಆದೆಮ್ಮ ಒಬ್ಬರೇ ಬೆಳೆಸಿ, ಮದುವೆ ಮಾಡಿಕೊಟ್ಟಿದ್ದಾರೆ. ಓಣಿಯಲ್ಲಿ ಆಕೆಗೆ 'ವಾಂತಿ ಬಳಿಯೋಕಿ' ಎಂಬ ಹೆಸರು. ನೀರು ಕೊಟ್ಟರೆ ಕುಡಿಯದವರೂ ಇದ್ದಾರೆ. "ಅವರ ಹಲ್ಲು ನೋಯೂತನಕ ರೀ" ಎಂದು ಆಕೆ ಸುಮ್ಮನೆ ನಗುತ್ತಾರೆ.

ಗುರುವಾರ ದೇವದುರ್ಗ, ಭಾನುವಾರ ಮಾನ್ವಿ. ಆ ದಿನಗಳಲ್ಲಿ ಸಾಹೇಬರು ಸಾಮಾನಿನ ತಗಡಿನ ಪೆಟ್ಟಿಗೆಯೊಂದಿಗೆ ಬಸ್ಸು ಹತ್ತುತ್ತಾರೆ, ಜೊತೆಗೆ ಆದೆಮ್ಮ. ದೇವದುರ್ಗದ ಬಸ್‌ಸ್ಟ್ಯಾಂಡ್ ಎದುರಿನ ಬಾಡಿಗೆ ಕೋಣೆಯಲ್ಲಿ, 1986ರ ಈ ಆಷಾಢದ ಒಂದು ಗುರುವಾರ, ಜಾಲಹಳ್ಳಿಯ ಶಾಲೆಯ ಪಾರ್ವತೆಮ್ಮ ಟೀಚರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆ. ಇದು ಮೂರನೆಯ ಸಲ. ಮೊದಲೆರಡು ಸಲ ಕುರ್ಚಿಯವರೆಗೆ ಬಂದು ಓಡಿಹೋದವರು. ಈಗ ಬಲಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿದೆ. ಮೈ ಸುಡುತ್ತಿದೆ.

ಸಾಹೇಬರು ಬಾಯಿ ತೆರೆಸದೆ, ಕೆನ್ನೆಯ ಊತ ನೋಡಿಯೇ ಮುಖ ಗಂಟಿಕ್ಕುತ್ತಾರೆ. "ಕೀವು ತುಂಬ್ಯಾದ. ಇನ್ನ ತಡ ಮಾಡಿದ್ರ ಕುತ್ತಿಗಿಗೆ ಇಳೀತದ. ಆಮ್ಯಾಗ ಉಸಿರಿಗೇ ಕುತ್ತು. ಇವತ್ತ ತೆಗೀಬೇಕು."

ಪಾರ್ವತೆಮ್ಮನ ಕಾಲು ಒಳಗೆ ಬರುವುದಿಲ್ಲ. "ಹಲ್ಲು ಕೀಳೋದಕ್ಕ ಹೆದರಿಲ್ಲ ಯವ್ವಾ. ವಾಂತಿ ಆದ್ರ? ಎಲ್ಲಾರ ಮುಂದ ಆದ್ರ?"

ಹೆದರಬೇಡಿ ಎಂಬ ಮಾತು ಆದೆಮ್ಮನ ಬಾಯಿಂದ ಬರುವುದಿಲ್ಲ. ಹೆದರಿದವರಿಗೆ ಅದು ಕೇಳಿಸುವುದಿಲ್ಲ ಎನ್ನುವುದು ಆಕೆಗೆ ಗೊತ್ತು. ಬಾಗಿಲಲ್ಲಿ ಕೂತವರನ್ನು ಬೇವಿನ ನೆರಳಿಗೆ ಎಬ್ಬಿಸಿ ಕಳಿಸುತ್ತಾರೆ. "ಸಾಹೇಬರ, ನೀವೂ ಒಂದು ಚಾ ಕುಡುದು ಬರ್ರಿ" ಎನ್ನುತ್ತಾರೆ. ಕೋಣೆಯಲ್ಲಿ ಇಬ್ಬರೇ ಉಳಿಯುತ್ತಾರೆ. ತೊಳೆದ ಬೋಗುಣಿಯೊಂದನ್ನು ಪಾರ್ವತೆಮ್ಮನ ಕೈಗೆ ಕೊಡುತ್ತಾರೆ.

"ಇದು ನಿಮ್ಮದರಿ ಅಕ್ಕೋರೇ. ಬಂದ್ರ ಇದ್ರಾಗ ಕಾರಿಕೊಳ್ರಿ. ನಾ ತೊಳಿತೀನಿ, ಅಷ್ಟ. ಹದಿಮೂರು ವರ್ಷದಿಂದ ತೊಳ್ಯಾಕತ್ತೀನಿ."

ಬೋಗುಣಿಯನ್ನು ಎದೆಗವಚಿ ಪಾರ್ವತೆಮ್ಮ ಮೆಲ್ಲಗೆ ಬಾಯಿ ಬಿಡುತ್ತಾರೆ. ಒಂಬತ್ತು ವರ್ಷದವಳಿದ್ದಾಗ ಮಾನ್ವಿಯ ಶಾಲೆಯಲ್ಲಿ ಪಾಠ ಒಪ್ಪಿಸಲು ಎದ್ದು ನಿಂತು ಹೆಡ್‌ಮಾಸ್ತರರ ಮೇಜಿನ ಮೇಲೆ ವಾಂತಿ ಮಾಡಿಕೊಂಡಿದ್ದರಂತೆ. ವರ್ಷವಿಡೀ ಮಕ್ಕಳು 'ವಾಂತಿ ಪಾರಿ' ಎಂದು ಕೂಗಿದರು. ಅಂದಿನಿಂದ ಮದುವೆ ಮನೆಯಲ್ಲಿ ಉಂಡಿಲ್ಲ. ಬಸ್ಸಿನಲ್ಲಿ ಕಿಟಕಿ ಸಿಗದಿದ್ದರೆ ಹತ್ತುವುದಿಲ್ಲ. ಇಪ್ಪತ್ತೈದು ವರ್ಷದ ಈ ಗುಟ್ಟನ್ನು ಗಂಡನಿಗೂ ಹೇಳಿಲ್ಲ.

ಆದೆಮ್ಮ ಕೇಳುತ್ತ ಕೇಳುತ್ತಲೇ ಆಕೆಯನ್ನು ಕುರ್ಚಿಗೆ ಕರೆತಂದಿದ್ದಾರೆ. ಒರಗಿಸುವುದಿಲ್ಲ, ನೆಟ್ಟಗೆ ಕೂರಿಸುತ್ತಾರೆ. ಓಕರಿಕೆ ತಡೆಯಲು ನಾಲಿಗೆಯ ತುದಿಗೆ ಒಂದು ಚಿಟಿಕೆ ಉಪ್ಪು. ಬಾಯಿಗೆ ಹೋಗುವ ಕನ್ನಡಿಯನ್ನು ಮೊದಲು ಅವರ ಕೈಗೇ ಕೊಟ್ಟು, ಅವರೇ ಹಲ್ಲಿಗೆ ಮುಟ್ಟಿಸಿಕೊಳ್ಳಲು ಹೇಳುತ್ತಾರೆ. "ಮೂಗಿಲೆ ಉಸಿರು ತಗೋರಿ. ಸಾಕಾತು ಅನ್ನಿಸಿದ್ರ ಎಡಗೈ ಎತ್ರಿ. ಸಾಹೇಬರು ನಿಂದರತಾರ. ನಿಂದರದಿದ್ರ ನಾ ನಿಂದರಸ್ತೀನಿ."

ಸಾಹೇಬರು ಬರುತ್ತಾರೆ. ಸೂಜಿ ಹತ್ತಿರ ಬಂದದ್ದೇ ಎಡಗೈ ಮೇಲೇಳುತ್ತದೆ. ಸಾಹೇಬರು ನಿಲ್ಲುತ್ತಾರೆ, ನಿಜವಾಗಿಯೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಪಾರ್ವತೆಮ್ಮ ಅವರನ್ನೇ ದಿಟ್ಟಿಸಿ ನೋಡಿ, ಕೈಯನ್ನು ತಾವೇ ಇಳಿಸುತ್ತಾರೆ. ಸೂಜಿ ಒಳಗೆ ಹೋಗುತ್ತದೆ. ಕೆನ್ನೆ ಜುಮುಗುಟ್ಟಿ ಮರಗಟ್ಟುತ್ತದೆ.

ಆದೆಮ್ಮ ಸ್ಟೂಲು ಎಳೆದು ಬಾಜು ಕೂತು, ಆಕೆಯ ಬಲಗೈ ಹಿಡಿಯುತ್ತಾರೆ. "ಕಣ್ಣ ಮುಚ್ರಿ. ಜಾಲಹಳ್ಳ್ಯಾಗ ಬಸ್ ಇಳದೀರಿ. ಶಾಲಿಗೆ ಹೋಗೂಣು. ಎಡಕ ಅಂದ್ರ ನನ್ನ ಕೈ ಒಮ್ಮಿ ಒತ್ರಿ, ಬಲಕ ಅಂದ್ರ ಎರಡು ಸಲ."

ಕೈ ಒಮ್ಮೆ ಒತ್ತುತ್ತದೆ. ಎಡಕ್ಕೆ ತಿರುಗುತ್ತಾರೆ ಇಬ್ಬರೂ. "ಇಲ್ಲಿ ನೆರಳು ಅದ ಏನ್ರಿ? ಹಾಂ, ಅದ. ನಿಧಾನ ನಡೀರಿ, ಗಂಟಿ ಇನ್ನೂ ಹೊಡದಿಲ್ಲ." ಜಾಲಹಳ್ಳಿಯ ಓಣಿಗಳನ್ನು ಕಾಣದ ಆದೆಮ್ಮನಿಗೂ ಆ ಹಾದಿ ಕಾಣುತ್ತದೆ. ಒದ್ದೆ ನೆಲ, ಗೋಡೆಗೆ ಬಡಿದ ಸಗಣಿ ಕುಳ್ಳು, ಬಿಸಿಲಿಗೆ ಮೈಯೊಡ್ಡಿದ ಒಂದು ಮೇಕೆ. ಇಕ್ಕಳದ ಕಿರಕಿರ ಎಲ್ಲೋ ದೂರದ ಬಂಡಿಯ ಗಾಲಿಯ ಸದ್ದಾಗುತ್ತದೆ. ಎರಡು ಒತ್ತು. ಬಲಕ್ಕೆ.

ಅಷ್ಟರಲ್ಲಿ ಎಡಗೈ ಮೇಲೆದ್ದುಬಿಡುತ್ತದೆ. ಸಾಹೇಬರು ಇಕ್ಕಳ ಹೊರತೆಗೆಯುತ್ತಾರೆ. ಪಾರ್ವತೆಮ್ಮ ಬೋಗುಣಿಯ ಮೇಲೆ ಬಾಗುತ್ತಾರೆ. ಓಕರಿಕೆ ಬರುತ್ತದೆ, ಅದರ ಹಿಂದೆಯೇ ವಾಂತಿ. ಇಪ್ಪತ್ತೈದು ವರ್ಷ ತಡೆದು ಹಿಡಿದದ್ದು ಹೊರಗೆ ಬಂದಾಗ ಬರೀ ಒಂದು ಬೊಗಸೆ ಹುಳಿನೀರು.

ಯಾರೂ ನಗುವುದಿಲ್ಲ. ಹೊರಗೆ ಬಸ್ಸಿನ ಕಂಡಕ್ಟರ್ ಮಾನ್ವಿ, ಮಾನ್ವಿ ಎಂದು ಕೂಗುತ್ತಿದ್ದಾನೆ. ಆದೆಮ್ಮ ಬಾಯಿ ಒರೆಸಿ, ಬೋಗುಣಿ ಬದಲಿಸಿ, ಮತ್ತೆ ಕೈ ಹಿಡಿಯುತ್ತಾರೆ.

"ಆತು ನೋಡ್ರಿ ಅಕ್ಕೋರೇ. ಇಷ್ಟ ಅದು."

ಪಾರ್ವತೆಮ್ಮ ಆ ಬೋಗುಣಿಯ ಕಡೆ ನೋಡುತ್ತಾರೆ, ಆದೆಮ್ಮನ ಮುಖ ನೋಡುತ್ತಾರೆ. ಇದ್ದಕ್ಕಿದ್ದಂತೆ ಅಳು ಬರುತ್ತದೆ. ಅಳುತ್ತಲೇ ತಲೆಯನ್ನು ತಾವೇ ಹಿಂದಕ್ಕೆ ಒರಗಿಸಿ ಬಾಯಿ ತೆರೆಯುತ್ತಾರೆ. ಹಾದಿ ಮತ್ತೆ ಸಾಗುತ್ತದೆ. ಕೀವು ಹರಿದು, ಹಲ್ಲು ತಟ್ಟೆಗೆ ಬಿದ್ದು, ಸಾಹೇಬರು ಅರಳೆಯ ಉಂಡೆ ಇಟ್ಟು ಕಚ್ಚಿಕೊಳ್ಳಿ ಎಂದಾಗ ಪಾರ್ವತೆಮ್ಮ ತೊದಲುತ್ತಾರೆ: "ಮುಗೀತಾ? ನಾ ಇನ್ನೂ ಶಾಲಿ ಮುಟ್ಟಿಲ್ಲಲ್ಲ!"

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ವೆಲ್ಡಿಂಗ್ ಕೆಲಸ ಮಾಡುವ ಕುತುಬುದ್ದೀನ್ ಅಲ್ಲಿನ ಆಕಾಶದೆತ್ತರದ ಹೊಗೆ ಚಿಮಣಿ ಹತ್ತಿದವನು, ಆದರೆ ಈ ಕುರ್ಚಿಯಿಂದ ನಾಲ್ಕು ಸಲ ಎದ್ದು ಹೋಗಿದ್ದಾನೆ. ಆದೆಮ್ಮ ಯಾರನ್ನೂ ಹಿಡಿದು ಕೂರಿಸುವುದಿಲ್ಲ. "ಜುಲುಮಿ ಮಾಡಿದ್ರ ಮತ್ತ ಬರಂಗಿಲ್ರಿ. ಮನ್ಯಾಗ ದಿನಾ ಚಮಚಾ ನಾಲಿಗಿ ಮ್ಯಾಲ ಇಟ್ಕೋ, ದಿನಕ್ಕ ಒಂದು ಕಾಳಿನಷ್ಟು ಹಿಂದ ಸರಸು ಅಂತ ಹೇಳಿ ಕಳಿಸೀನಿ. ಅರ್ಧ ನಾಲಿಗಿಗೆ ಬಂದೀನಿ ಅಂತ ಮೊನ್ನಿ ಹೇಳಿ ಕಳಸ್ಯಾನ."

ಈಗ ಆದೆಮ್ಮನದೇ ಒಂದು ದವಡೆ ಹಲ್ಲು ಹುಳುಕಾಗಿದೆ. ಮೂರು ವಾರದಿಂದ ಸಾಹೇಬರಿಗೆ ಹೇಳದೆ ಲವಂಗ ಒತ್ತಿಕೊಂಡು ಓಡಾಡಿದ್ದಾರೆ. ಎಡಗಡೆ ಅಗಿಯದ್ದನ್ನು ಕಂಡು ಸಾಹೇಬರೇ ಪತ್ತೆ ಹಚ್ಚಿ, ಬರುವ ಸೋಮವಾರ ರಾಯಚೂರಿನಲ್ಲಿ ಕೀಳುವುದೆಂದು ಗೊತ್ತು ಮಾಡಿದ್ದಾರೆ. ಗಾಯ ತೋರಿಸಲು ದೇವದುರ್ಗಕ್ಕೆ ಬಂದ ಪಾರ್ವತೆಮ್ಮನ ಕಿವಿಗೆ ಇದು ಬಿದ್ದಿದೆ. ಸೋಮವಾರ ರಜೆ ಬರೆದುಕೊಟ್ಟು, ಜಾಲಹಳ್ಳಿಯಿಂದ ಬಸ್ಸು ಹತ್ತಿ ಬರುತ್ತೇನೆ ಎಂದಿದ್ದಾರಂತೆ.

"ಬ್ಯಾಡ್ರಿ, ದೂರದ ಹಾದಿ, ಕಿಟಕಿ ಸಿಗತದೋ ಇಲ್ಲೋ ಅಂದೆ" ಎನ್ನುತ್ತಾರೆ ಆದೆಮ್ಮ, ಉಂಡೆ ಕಟ್ಟುವ ಬೆರಳು ನಿಲ್ಲಿಸಿ. "ಸಿಗದಿದ್ರ ನಿಂತು ಬರ್ತೀನಿ ಅಂದ್ರು. ಬರ್ಲಿ ಅಂತ ನನಗೂ ಆಸಿ ಅದರಿ. ಬಾಜು ಒಬ್ರು ಕುಂತ್ರ ಸಾಕು. ನನಗೂ ಹೆದರಿಕಿ ಅದ."