ಅರ್ಜಿಯಿಂದ ತೆಗೆಸಿದ ಕಣ್ಣೀರು

ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗನ್ನು ಬಿಸಿಲೇರುವ ಮೊದಲೇ ಬಿಡಿಸಬೇಕು. ಅರಳಿದರೆ ಪೇಟೆಯಲ್ಲಿ ಕೇಳುವವರಿಲ್ಲ. ಅಂಗನವಾಡಿ ತೆರೆಯುವುದು ಅದಾದ ಮೇಲೆ. ಹಾಗಾಗಿ ನನ್ನ ತೋಟಕ್ಕೆ ಬರುವ ಹೆಂಗಸರು ಮಕ್ಕಳನ್ನು ಬದುವಿನ ಮೇಲೆ ಕೂರಿಸಿ ಹೂ ಬಿಡಿಸುತ್ತಿದ್ದರು. ಅಂಗನವಾಡಿಯನ್ನು ಬೇಗ ತೆರೆಯಿರಿ ಎಂದು ಅರ್ಜಿ ಕೊಡುವುದೆಂದಾಯಿತು. ಅವರಲ್ಲೇ ಓದಿದವಳೊಬ್ಬಳು ಬರೆದು ತಂದಳು. ಅವಳ ಮಗ ಆಗಷ್ಟೇ ನಡೆಯಲು ಕಲಿತಿದ್ದ.

ತಾಯಿ ತ್ಯಾಗಮಯಿ, ಅವಳ ಬಾಳು ಕಣ್ಣೀರ ಕಡಲು ಎಂದೆಲ್ಲ ಬರೆದಿದ್ದಳು. ಅಷ್ಟನ್ನೂ ಹೊಡೆದು ಹಾಕಿದೆ.

“ಅಕ್ಕಾ, ಚಂದ ಇದ್ದಿದ್ದನ್ನೆಲ್ಲ ತಗದುಬಿಟ್ರಲ್ಲ,” ಎಂದಳು.

“ನೀ ತ್ಯಾಗಮಯಿ ಅಂದ್ರ ಸಾಹೇಬ್ರು ಕೈ ಮುಗದು, ಹಂಗ ಇರವ್ವ ಅಂತಾರ. ಮುಂಜಾನಿ ತೋಟದಾಗ ಏನಾಗತೈತಿ, ಅದನ್ನ ಬರಿ.”

ಮುಖ ಗಂಟು ಹಾಕಿಕೊಂಡೇ ಬರೆದಳು: ಮಗುವನ್ನು ನೋಡುತ್ತ ನಿಂತರೆ ಮೊಗ್ಗು ಅರಳುತ್ತದೆ, ಮೊಗ್ಗನ್ನು ನೋಡುತ್ತ ನಿಂತರೆ ಮಗು ಬಾವಿಯ ಕಡೆ ಹೋಗುತ್ತದೆ.

ಅರ್ಜಿ ಹಿಡಿದು ಎಲ್ಲರೂ ಕಚೇರಿಗೆ ಹೋದೆವು. ಅಧಿಕಾರಿ ಓದಿ ತಲೆ ಎತ್ತಿದರು. “ಬಾವಿಗೆ ಕಟ್ಟಿ ಇಲ್ಲೇನ್ರಿ?”

ಸರಕನ್ನು ಮುಟ್ಟಿ ನೋಡಿದ ಗಿರಾಕಿ ಬರಿಗೈಯಲ್ಲಿ ಹೋಗುವುದು ಕಡಿಮೆ. ವ್ಯಾಪಾರ ಕುದುರಿತು ಎಂದುಕೊಂಡೆ.

“ಇಲ್ರಿ,” ಎಂದಳು ಅರ್ಜಿ ಬರೆದವಳು.

“ಬಾವಿ ಯಾರದು?”

ಹೆಂಗಸರೆಲ್ಲ ನನ್ನ ಕಡೆ ನೋಡಿದರು.

“ನೀವು ಕಟ್ಟಿ ಕಟ್ಟಸ್ರಿ, ಅಂಗನವಾಡಿ ನಾ ಬೇಗ ತೆಗಸ್ತೀನಿ,” ಎಂದರು ಅಧಿಕಾರಿ.

ಎರಡೂ ಆದವು. ಅರ್ಜಿ ಬರೆಯುವವರಿಗೆ ನಾನು ಈಗಲೂ ಹೇಳುವುದಿಷ್ಟೇ: ಕಣ್ಣೀರು ಬಿಡಿ, ಬಾವಿ ತೋರಿಸಿ. ತೋರಿಸುವ ಮುಂಚೆ ಅದು ಯಾರದೆಂದು ಒಮ್ಮೆ ನೋಡಿಕೊಳ್ಳಿ.