ಸುತ್ತೋಲೆಗೆ ಸಹಿ ಮಾಡಿದವರು

ಡಬ್ಬಿ ಮೇಡಂ ಬರುತ್ತಿದ್ದಾರೆ ಎಂದರೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು ಬಿಸ್ಕತ್ತು ತಿನ್ನುತ್ತಿದ್ದವರು ಖಾಲಿ ಪೊಟ್ಟಣವನ್ನು ಸರಕ್ಕನೆ ಜೇಬಿಗೆ ಸೇರಿಸುತ್ತಿದ್ದರು. ಬೈಯುತ್ತಾರೆಂಬ ಹೆದರಿಕೆಯಲ್ಲ, ಅವರು ಬೈದವರೇ ಅಲ್ಲ. ಬಗ್ಗಿ ಆ ಕಾಗದವನ್ನು ತಾವೇ ಎತ್ತಿಕೊಂಡು, ಇದು ಯಾವ ಡಬ್ಬಿಗೆ ಹೋಗಬೇಕೆಂದು ಪಾಠ ಒಪ್ಪಿಸಿಕೊಳ್ಳುವವರ ಹಾಗೆ ಕೇಳುತ್ತಿದ್ದರು. ತಪ್ಪು ಹೇಳಿದವರನ್ನು ಡಬ್ಬಿಯ ತನಕ ನಡೆಸಿಕೊಂಡು ಹೋಗುತ್ತಿದ್ದರು. ಅದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎಂದು ವಿದ್ಯಾರ್ಥಿಗಳು ಮಾತಾಡಿಕೊಳ್ಳುತ್ತಿದ್ದರು.

ಈ ಹೆಸರು ಬೀಳುವುದಕ್ಕೂ ಮೊದಲು ಹತ್ತೊಂಬತ್ತು ವರ್ಷ ಅವರು ಆ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರಯೋಗಾಲಯದ ಸಹಾಯಕಿಯಾಗಿದ್ದರು. ದ್ರಾವಣ ಬೆರೆಸಿಡುವುದು, ಗಾಜಿನ ಸಾಮಾನು ತೊಳೆಯಿಸುವುದು, ಸೀಸೆಗಳಿಗೆ ಲೇಬಲ್ಲು ಅಂಟಿಸುವುದು ಅವರ ಕೆಲಸ. ಆವರಣದ ಕಸ, ನೀರು, ವಿದ್ಯುತ್ತು ಎಲ್ಲವನ್ನೂ ಹದ್ದುಬಸ್ತಿಗೆ ತರುವ ಹಸಿರು ಯೋಜನೆಯೊಂದು ಬಂದಾಗ ಅದರ ಸಂಯೋಜಕರಾಗಲು ಪ್ರಾಧ್ಯಾಪಕರಲ್ಲಿ ಯಾರೂ ಮುಂದೆ ಬರಲಿಲ್ಲ. ಒಬ್ಬರಿಗೆ ಪುಸ್ತಕ ಬರೆಯುವುದಿತ್ತು, ಇನ್ನೊಬ್ಬರಿಗೆ ಸೊಂಟನೋವು. ಜಾರಿಸಿ ಜಾರಿಸಿ ಕೊನೆಗೆ ಆ ಹೊರೆ ಬಂದು ಕುಳಿತದ್ದು ಇವರ ತಲೆಯ ಮೇಲೆ. ಆಡಳಿತ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯೊಂದನ್ನು ಕೊಟ್ಟರು. ಅದರ ಚಾವಣಿ ಇಳಿಜಾರು. ಕುರ್ಚಿಯಿಂದ ಮರೆತು ನೇರ ಎದ್ದರೆ ತಲೆಗೆ ಪೆಟ್ಟು ಖಾತ್ರಿ.

ಮನೆಯಲ್ಲಿ ಅತ್ತೆಗೆ ಈ ಬಡ್ತಿಯ ವಿಷಯ ಹೇಳಿದಾಗ ಮುದುಕಿ ಕನ್ನಡಕ ಸರಿಮಾಡಿಕೊಂಡು, ಮನೆ ಗುಡಿಸಲು ಪುರುಸೊತ್ತಿಲ್ಲದವಳಿಗೆ ಊರ ಕಸದ ಅಧಿಕಾರ ಸಿಕ್ಕಿತೇ ಎಂದಳಂತೆ. ಬಸ್ ಕಂಡಕ್ಟರಾಗಿದ್ದ ಗಂಡ ಅದನ್ನು ಡಿಪೋದಲ್ಲಿ ಹೇಳಿ ನಗಿಸಿ ಬಂದಿದ್ದ.

ಮೊದಲ ವರ್ಷ ನಗೆಪಾಟಲೇ ಆಯಿತು. ವಿದ್ಯಾರ್ಥಿನಿಲಯಗಳ ಅಡುಗೆಮನೆಯಲ್ಲಿ ಉಳಿದದ್ದನ್ನೆಲ್ಲ ಗೊಬ್ಬರ ಮಾಡಬೇಕೆಂದು ಹಿಂಬದಿಯಲ್ಲಿ ಗುಂಡಿಗಳನ್ನು ತೋಡಿಸಿದ್ದರು. ಮೂರನೇ ವಾರಕ್ಕೆ ಆ ನಾತ ಉಪನ್ಯಾಸದ ಕೊಠಡಿಗಳ ತನಕ ಹಬ್ಬಿ, ಮೂಗು ಮುಚ್ಚಿಕೊಂಡವರ ಸಹಿಗಳಿದ್ದ ಮನವಿಯೊಂದು ಕುಲಸಚಿವರ ಮೇಜಿಗೆ ಹೋಯಿತು. ಆಗ ದಾರಿ ತೋರಿಸಿದವಳು ಕಸ ವಿಂಗಡಿಸುವ ಶೆಡ್ಡಿನಲ್ಲಿದ್ದ ಐವರು ಹೆಂಗಸರಲ್ಲಿ ಹಿರಿಯಳು. ಕರೆದರೆ ಆಟದ ಮೈದಾನದ ಆಚೆಗೂ ಕೇಳಿಸುವ ದನಿ ಅವಳದು. ಹಾಗಾಗಿ ಎಲ್ಲರಿಗೂ ಅವಳು ಗಂಟೆಯಕ್ಕ. ಅವಳು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕೋಲಿನಿಂದ ಕೆದಕಿ, "ಒಂದು ಬುಟ್ಟಿ ಹಸಿ ಕಸ ಹಾಕಿದ್ರೆ ಎರಡು ಬುಟ್ಟಿ ಒಣಗಿದ ಎಲೆ ಹಾಕ್ಬೇಕು ಮೇಡಂ. ಮಣ್ಣಿಗೂ ಅಜೀರ್ಣ ಆಗತ್ತೆ," ಎಂದಳು.

ಪುಸ್ತಕಗಳಲ್ಲಿ ಇದೇ ಮಾತು ಮೂರು ಪುಟದಷ್ಟಿತ್ತು. ಮೇಡಂಗೆ ಅರ್ಥವಾದದ್ದು ಗುಂಡಿಯ ಅಂಚಿನಲ್ಲಿ. ಅಲ್ಲಿಂದಾಚೆ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಶೆಡ್ಡಿಗೆ ಹೋಗುವುದು ರೂಢಿಯಾಯಿತು. ಏಳು ವರ್ಷಗಳಲ್ಲಿ ಕೈ ತೊಳೆಯುವ ತೊಟ್ಟಿಗಳ ನೀರು ಹುಲ್ಲುಹಾಸಿಗೆ ಹರಿಯಿತು, ಖಾಲಿ ಕೊಠಡಿಗಳಲ್ಲಿ ಉರಿಯುತ್ತಿದ್ದ ದೀಪಗಳು ಆರಿದವು, ಆವರಣದಿಂದ ಹೊರಗೆ ಹೋಗುತ್ತಿದ್ದ ಕಸದ ಲಾರಿ ದಿನಕ್ಕೆರಡು ಬಾರಿಯ ಬದಲು ವಾರಕ್ಕೆರಡು ಬಾರಿ ಹೋಗತೊಡಗಿತು. ಈ ಕೆಲಸ ಹೊರಗಿನವರ ಕಿವಿಗೂ ಬಿತ್ತು. ಪರಿಸರ ಪಾಲನೆಯಲ್ಲಿ ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ತಂಡವೊಂದು ಬಂದು ನೋಡುವುದಾಗಿ ಪತ್ರ ಬರೆಯಿತು.

ಎಡವಿದ್ದು ಅಲ್ಲಿಯೇ. ತಂಡ ಬರಲು ಹದಿನೈದು ದಿನವಿರುವಾಗ ಮೇಡಂ ಎಲ್ಲ ವಿಭಾಗಗಳಿಗೂ ಒಂದು ಸುತ್ತೋಲೆ ಕಳಿಸಿದರು. ಶುಕ್ರವಾರದೊಳಗೆ ಕೋಣೆ, ಕಪಾಟುಗಳಲ್ಲಿರುವ ಬೇಡದ ವಸ್ತುಗಳನ್ನೆಲ್ಲ ಚೀಲಗಳಲ್ಲಿ ಕಟ್ಟಿ ಹೊರಗಿಡಬೇಕು ಎಂಬ ನಾಲ್ಕು ಸಾಲು, ಕೆಳಗೆ ಸಹಿ. ಪ್ರಯೋಗಾಲಯದ ರಾಸಾಯನಿಕಗಳನ್ನು ಚೀಲಕ್ಕೆ ಹಾಕಕೂಡದು ಎಂಬ ಐದನೆಯ ಸಾಲು ಅದರಲ್ಲಿರಲಿಲ್ಲ. ಹಾಗೆ ಮಾಡಬಾರದೆಂದು ಯಾರಿಗೆ ತಾನೇ ಗೊತ್ತಿಲ್ಲ ಎಂದುಕೊಂಡಿದ್ದರೋ, ಅಥವಾ ಆ ಬಗ್ಗೆ ಯೋಚಿಸಿಯೇ ಇರಲಿಲ್ಲವೋ. ಆಮೇಲೆ ಎಷ್ಟು ನೆನಪಿಸಿಕೊಂಡರೂ ಅವರಿಗೆ ಅದು ಸ್ಪಷ್ಟವಾಗಲಿಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ವಿಜ್ಞಾನ ಕಟ್ಟಡದಿಂದ ಬಂದ ಕೈಗಾಡಿಯಲ್ಲಿ ಎಂಟು ಕಪ್ಪು ಚೀಲಗಳಿದ್ದವು. ಗಂಟೆಯಕ್ಕ ಆರನೆಯದನ್ನು ಎತ್ತಿ ವಿಂಗಡಣೆಯ ಮೇಜಿನ ಮೇಲೆ ಸುರಿದಳು. ಹಳೆಯ ಕಡತ, ಒಡೆದ ಗಡಿಯಾರ, ಅವುಗಳ ನಡುವೆ ಒಂದು ಕಂದು ಬಣ್ಣದ ಸೀಸೆ. ದಾರಿಯಲ್ಲೇ ಬಿರುಕು ಬಿಟ್ಟಿದ್ದಿರಬೇಕು. ಮೇಜಿಗೆ ತಾಗಿದ್ದೇ ತಡ ಒಡೆದು, ಒಳಗಿದ್ದದ್ದು ಅವಳ ಕೈಗೂ ಮುಖಕ್ಕೂ ಚಿಮ್ಮಿತು.

ಮೇಡಂ ಆಗ ಶೆಡ್ಡಿನ ಬಾಗಿಲಲ್ಲೇ ನಿಂತು ತೂಕದ ಪಟ್ಟಿ ನೋಡುತ್ತಿದ್ದರು. ಕಿರುಚಾಟ ಕೇಳಿಸಲಿಲ್ಲ. ಅಷ್ಟು ದೊಡ್ಡ ದನಿಯವಳು ಆ ಹೊತ್ತಿನಲ್ಲಿ ಕೂಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಬಲಗೈಯನ್ನು ಮುಖದಿಂದ ದೂರ ಹಿಡಿದು, ತಲೆ ತಗ್ಗಿಸಿ ನಿಂತಳು. ಕೈಯ ಚರ್ಮ ಹಳದಿಗಟ್ಟುತ್ತಿತ್ತು. ಅದು ಯಾವ ಆಮ್ಲವೆಂದು ತಿಳಿಯಲು ಮೇಡಂಗೆ ಲೇಬಲ್ಲು ಬೇಕಾಗಲಿಲ್ಲ. ಓಡಿಬಂದು ಅವಳ ಕತ್ತು ಹಿಡಿದು ನಲ್ಲಿಯ ಕೆಳಗೆ ಬಗ್ಗಿಸಿ, ಎರಡು ಬೆರಳಿಂದ ರೆಪ್ಪೆ ಬಿಡಿಸಿ, ಆಂಬುಲೆನ್ಸ್ ಬರುವವರೆಗೂ ನೀರು ಬಿಟ್ಟರು. ಇಪ್ಪತ್ತು ನಿಮಿಷ. ಉಳಿದ ನಾಲ್ವರು ಹೆಂಗಸರು ಸುತ್ತ ನಿಂತು ಕೊಡಗಳಲ್ಲಿ ನೀರು ತಂದು ಕೈಯ ಮೇಲೆ ಸುರಿದರು. ಅಷ್ಟು ಮಾಡಿದ್ದಕ್ಕೆ ಕೈ ಉಳಿಯಿತು ಎಂದು ವೈದ್ಯರು ಹೇಳಿದರು. ಬಲಗಣ್ಣು ಉಳಿಯಲಿಲ್ಲ.

ಸೀಸೆಯನ್ನು ಚೀಲಕ್ಕೆ ಹಾಕಿದವರು ಯಾರೆಂದು ಕಡೆಗೂ ಗೊತ್ತಾಗಲಿಲ್ಲ. ಅದಿದ್ದ ಕಪಾಟಿನ ಪ್ರಾಧ್ಯಾಪಕರು ನಿವೃತ್ತರಾಗಿ ಆರು ವರ್ಷವಾಗಿತ್ತು. ಕೀಲಿ ಇವರ ಹತ್ತಿರವಿತ್ತು ಎಂದು ಅವರು, ಅವರ ಹತ್ತಿರವಿತ್ತು ಎಂದು ಇವರು. ವಿಚಾರಣೆಯೆಂದು ಮೂವರು ಕುಳಿತು, ಮೂರೇ ದಿನದಲ್ಲಿ ಒಂದು ಪುಟದ ವರದಿ ಸಿದ್ಧಮಾಡಿದರು. ಕೆಲಸದಾಕೆ ತನಗೆ ಕೊಟ್ಟಿದ್ದ ರಕ್ಷಣಾ ಕನ್ನಡಕ ಮತ್ತು ಕೈಗವಸು ಧರಿಸಿರಲಿಲ್ಲ. ಅವಘಡಕ್ಕೆ ಅವಳ ಅಜಾಗರೂಕತೆಯೇ ಕಾರಣ. ಕೆಳಗೆ ಸಂಯೋಜಕರ ಸಹಿಗೆ ಜಾಗ.

ಧರಿಸಿರಲಿಲ್ಲ ಎಂಬುದೇನೋ ನಿಜ. ಆ ಕನ್ನಡಕಗಳು ಐದು ನಿಮಿಷಕ್ಕೆ ಬೆವರಿ ಮಂಜು ಹಿಡಿಯುತ್ತಿದ್ದವು. ಐವರೂ ಅವನ್ನು ಗೋಡೆಯ ಮೊಳೆಗೆ ನೇತುಹಾಕಿದ್ದರು. ಮೇಡಂ ಪ್ರತಿದಿನ ಬೆಳಿಗ್ಗೆ ಆ ಮೊಳೆಯ ಮುಂದೆಯೇ ನಿಂತು ಮಾತಾಡುತ್ತಿದ್ದರು.

ಸಹಿ ಮಾಡುವುದಿಲ್ಲವೆಂದು ಹೇಳಲು ಹೋದಾಗ ಕುಲಸಚಿವರು ಸಿಟ್ಟಾಗಲಿಲ್ಲ. ಕುರ್ಚಿ ತೋರಿಸಿ, ನೀರು ತರಿಸಿ ಕೊಟ್ಟರು. ಕೆಟ್ಟ ಮನುಷ್ಯರಲ್ಲ, ಆಸ್ಪತ್ರೆಗೆ ಎರಡು ಸಲ ಹೋಗಿ ಬಂದಿದ್ದರು.

"ನೋಡಿ ಮೇಡಂ, ಆಕೆ ಚಿಕಿತ್ಸೆ ನಾವು ನೋಡ್ಕೋತೀವಿ, ಅದ್ರಲ್ಲಿ ಎರಡು ಮಾತಿಲ್ಲ," ಎಂದರು. "ಆದ್ರೆ ತಪ್ಪು ನಮ್ದು ಅಂತ ಕಾಗದದ ಮೇಲೆ ಬಂತು ಅಂದ್ರೆ ಮೇಲಿನವರು ಮೊದಲು ಮುಚ್ಚಿಸೋದು ಆ ಶೆಡ್ಡನ್ನೇ. ಉಳಿದ ನಾಲ್ಕು ಜನ ಎಲ್ಲಿಗೆ ಹೋಗ್ತಾರೆ? ಏಳು ವರ್ಷ ನೀವು ಕಟ್ಟಿದ್ದು ಅದು. ಯೋಚನೆ ಮಾಡಿ."

ಮೇಡಂ ಯೋಚನೆ ಮಾಡಿದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಕಷ್ಟವಾದದ್ದೇ ಅದು. ಎರಡು ದಿನ ಊಟದ ತಟ್ಟೆ ಮುಟ್ಟದೆ ಎದ್ದರು. ಗಂಡ ತಟ್ಟೆ ಮುಚ್ಚಿಟ್ಟ. ಆ ಹೆಂಗಸನ್ನು ಹೋಗಿ ಕೇಳಿದೆಯಾ ಎಂದದ್ದು ಅತ್ತೆ. ನಿಮ್ಮ ನಿಮ್ಮಲ್ಲೇ ಅವಳ ಹಣೆಬರಹ ಬರೆಯುತ್ತಿದ್ದೀರಲ್ಲ, ಅವಳಿಗೂ ಬಾಯಿದೆ ಎಂದು ಮುದುಕಿ ಗದರಿದಳು.

ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚ. ಅರ್ಧ ಮುಖಕ್ಕೆ ಬ್ಯಾಂಡೇಜು. ಮೇಡಂ ವರದಿಯನ್ನು ತೆಗೆದು ಪೂರ್ತಿ ಓದಿ ಹೇಳಿದರು. ಕುಲಸಚಿವರು ಹೇಳಿದ್ದನ್ನೂ ಏನೂ ಮುಚ್ಚಿಡದೆ ಹೇಳಿದರು. ಗಂಟೆಯಕ್ಕ ಚಾದರದ ಅಂಚನ್ನು ಎಡಗೈಯಲ್ಲಿ ಮಡಿಸಿದಳು.

"ಶೆಡ್ ಮುಚ್ಚಲಿ ಅಂತ ನನ್ನ ಬಾಯಲ್ಲಿ ಬರಲ್ಲ ಮೇಡಂ," ಎಂದಳು. "ಅವರೆಲ್ಲ ನನ್ನ ತಂಗೀರು ಇದ್ದ ಹಾಗೆ. ಆದ್ರೆ ನನಗೆ ಕೆಲಸ ಗೊತ್ತಿಲ್ಲ ಅಂತ ಮಾತ್ರ ಬರೀಬೇಡಿ. ಹದಿನೈದು ವರ್ಷ ಈ ಕೈಯಿಂದ ಕಸ ಮುಟ್ಟಿದೀನಿ. ಕಣ್ಣು ಹೋಯ್ತು, ಸರಿ. ಹೆಸರೂ ಹೋಗೋದು ಬೇಡ."

ಮೇಡಂ ವಾಪಸು ಬಂದು ಇಳಿಜಾರು ಚಾವಣಿಯ ಕೋಣೆಯಲ್ಲಿ ಕುಳಿತು ತಮ್ಮದೇ ಒಂದು ಹೇಳಿಕೆ ಬರೆದರು. ಸುತ್ತೋಲೆ ನನ್ನದು. ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಇದ್ದ ನಾನು, ಕಪಾಟುಗಳಲ್ಲಿ ಏನೇನು ಉಳಿದಿರುತ್ತದೆ ಎಂದು ಬಲ್ಲವಳಾಗಿಯೂ ಎಚ್ಚರಿಕೆ ಬರೆಯಲಿಲ್ಲ. ಕನ್ನಡಕಗಳು ಕೆಲಸಕ್ಕೆ ಬಾರದವೆಂದು ತಿಳಿದೂ ಬೇರೆ ತರಿಸಲಿಲ್ಲ. ಚೀಲ ತೆರೆದವಳು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದಳು. ಸುತ್ತೋಲೆಯ ಪ್ರತಿಯನ್ನು ಜೊತೆಗಿಟ್ಟು, ಕುಲಸಚಿವರಿಗೊಂದು, ದರ್ಜೆ ಕೊಡುವ ತಂಡಕ್ಕೊಂದು ಕಳಿಸಿದರು.

ಕುಲಸಚಿವರು ಹೇಳಿದ್ದಂತೆಯೇ ಆಯಿತು. ತಂಡ ಬರುವುದನ್ನು ಮುಂದೂಡಿತು, ಆಮೇಲೆ ಬರಲೇ ಇಲ್ಲ. ಶೆಡ್ಡಿಗೆ ಬೀಗ ಬಿತ್ತು. ನಾಲ್ವರನ್ನು ಬೇರೆ ಬೇರೆ ಕಟ್ಟಡಗಳ ನೆಲ ಒರೆಸಲು ಹಾಕಿದರು. ಅವರಲ್ಲಿ ಇಬ್ಬರು ಮೇಡಂ ಎದುರಾದರೆ ಮುಖ ತಿರುಗಿಸುತ್ತಿದ್ದರು. ಐದು ತಿಂಗಳು ಕಸವೆಲ್ಲ ಒಂದೇ ಲಾರಿಯಲ್ಲಿ ಒಟ್ಟಿಗೆ ಹೊರಗೆ ಹೋಯಿತು. ಬಣ್ಣದ ಡಬ್ಬಿಗಳು ಇದ್ದಲ್ಲಿಯೇ ಇದ್ದವು, ಆದರೆ ಯಾವುದಕ್ಕೆ ಏನು ಹಾಕಿದರೂ ಅಷ್ಟೇ ಎಂದು ಎಲ್ಲರಿಗೂ ಗೊತ್ತಿತ್ತು. ಮೇಡಂ ದಿನವೂ ಅವುಗಳ ಪಕ್ಕದಲ್ಲೇ ನಡೆದು ಹೋಗಬೇಕಿತ್ತು. ಸಂಯೋಜಕ ಹುದ್ದೆ ಜೀವಶಾಸ್ತ್ರದ ಉಪನ್ಯಾಸಕರೊಬ್ಬರಿಗೆ ಹೋಯಿತು. ಇವರನ್ನು ಮತ್ತೆ ಹಳೆಯ ಪ್ರಯೋಗಾಲಯಕ್ಕೆ ಕಳಿಸಿದರು.

ಅಲ್ಲಿ ಅವರು ಯಾರೂ ಹೇಳದ ಕೆಲಸವೊಂದನ್ನು ಕೈಗೆತ್ತಿಕೊಂಡರು. ವಿಜ್ಞಾನ ಕಟ್ಟಡದ ಕಪಾಟುಗಳನ್ನು ಒಂದೊಂದಾಗಿ ತೆರೆಯಿಸಿ, ಒಳಗಿದ್ದ ಒಂದೊಂದು ಸೀಸೆಯನ್ನೂ ಬೆಳಕಿಗೆ ಹಿಡಿದು ನೋಡಿ, ಪಟ್ಟಿ ಮಾಡತೊಡಗಿದರು. ಕೀಲಿ ಕಳೆದಿದೆ ಎಂದವರ ಕೋಣೆಯ ಮುಂದೆ ಸ್ಟೂಲು ಹಾಕಿಕೊಂಡು ಕೀಲಿ ಸಿಗುವ ತನಕ ಕುಳಿತರು. ಲೇಬಲ್ಲು ಅಳಿಸಿಹೋದವೇ ಮುನ್ನೂರಕ್ಕೂ ಹೆಚ್ಚು ಸಿಕ್ಕವು. ಕೆಲವಕ್ಕೆ ಅಂಟಿಸಿದ್ದ ಲೇಬಲ್ಲಿನಲ್ಲಿ ಇದ್ದದ್ದು ಅವರದೇ ಹಳೆಯ ಕೈಬರಹ. ಹದಿನಾಲ್ಕು ತಿಂಗಳ ಮೇಲೆ, ಅಂಥವನ್ನು ನಿರ್ವಹಿಸಲು ಬಲ್ಲವರು ಮುಚ್ಚಿದ ವಾಹನ ತಂದು ಎಲ್ಲವನ್ನೂ ಒಯ್ದರು.

ಅಷ್ಟು ಹೊತ್ತಿಗೆ, ಆ ಐದು ತಿಂಗಳು ಕಳೆದು, ಶೆಡ್ಡು ಮತ್ತೆ ತೆರೆದಿತ್ತು. ಹೊಸ ಸಂಯೋಜಕರು ಸಂಕೋಚದ ಮನುಷ್ಯ. ಬೇರೆಯವರ ತಟ್ಟೆಗೆ ಕೈ ಹಾಕಿದಂತಾಗಿದೆ ಎಂದು ಮೇಡಂ ಎದುರು ಒಂದೆರಡು ಸಲ ಹೇಳಿಕೊಂಡರು. ಗಂಟೆಯಕ್ಕನನ್ನು ಶೆಡ್ಡಿನ ಮೇಲ್ವಿಚಾರಕಿಯಾಗಿ ಕರೆಸಿಕೊಂಡವರು ಅವರೇ. ಪಕ್ಕದಲ್ಲಿ ಗಾಳಿಯಾಡಲು ತೂತುಗಳಿದ್ದ, ಮಂಜು ಹಿಡಿಯದ ಕನ್ನಡಕಗಳು ಬಂದವು.

ಮೇಡಂ ಅವಳನ್ನು ನೋಡಲು ಹೋದದ್ದು ಅವಳು ಕೆಲಸಕ್ಕೆ ಮರಳಿ ಒಂದು ವಾರವಾದ ಮೇಲೆ. ಕೈಯಲ್ಲಿ ಕಪಾಟುಗಳ ಪಟ್ಟಿಯ ಪ್ರತಿಯಿತ್ತು. ಗಂಟೆಯಕ್ಕ ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ನೋಡಿ, ಕೂರಲು ಒಂದು ಪೆಟ್ಟಿಗೆ ಸರಿಸಿಕೊಟ್ಟಳು. ಮೇಡಂ ಬಾಯಿ ತೆರೆಯುವುದರೊಳಗೆ, ಏನು ಬರುತ್ತಿದೆಯೆಂದು ಅವಳಿಗೆ ತಿಳಿದುಹೋಯಿತು.

"ಅದನ್ನ ಹೇಳ್ಬೇಡಿ ಮೇಡಂ," ಎಂದಳು. "ನೀವು ತಪ್ಪಾಯ್ತು ಅಂದ್ರೆ ನಾನು ಪರವಾಗಿಲ್ಲ ಅನ್ಬೇಕಾಗತ್ತೆ. ಹಾಗನ್ನೋಕೆ ನನ್ನಿಂದ ಆಗಲ್ಲ."

"ಸರಿ ಅಕ್ಕಾ," ಎಂದರು ಮೇಡಂ.

ಒಳಗೆ ಹೆಂಗಸರು ಗಾಜು ಬೇರೆ, ಕಾಗದ ಬೇರೆ ಮಾಡುವ ಸದ್ದಾಗುತ್ತಿತ್ತು. ಮೇಡಂ ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು ಓದತೊಡಗಿದರು. ಯಾವ ಕೋಣೆಯಿಂದ ಏನು ಬರಬಹುದು, ಯಾವುದು ಏನೇ ಆದರೂ ಬರಕೂಡದು. ಗಂಟೆಯಕ್ಕ ಪ್ರತಿ ಕೋಣೆಗೂ ಒಂದೊಂದು ಪ್ರಶ್ನೆ ಕೇಳಿ, ಉತ್ತರವನ್ನು ತಾನೇ ಒಮ್ಮೆ ಹೇಳಿ ಗಟ್ಟಿಮಾಡಿಕೊಂಡಳು. ಮಧ್ಯಾಹ್ನದವರೆಗೂ ಅದೇ ನಡೆಯಿತು. ಚೀಲದ ಬಾಯಿಗೆ ಕೋಣೆಯ ನಂಬರು ಕಟ್ಟಿರಲೇಬೇಕು ಎಂಬ ನಿಯಮ ಹುಟ್ಟಿದ್ದು ಆ ದಿನ. ಅದು ಅವಳ ಮಾತು, ಬರೆದುಕೊಂಡವರು ಮೇಡಂ.

ಮುಂದಿನ ವರ್ಷ ಮೇಡಂ ನಿವೃತ್ತರಾದರು. ನಂಬರಿಲ್ಲದ ಚೀಲವನ್ನು ಗಂಟೆಯಕ್ಕ ಇವತ್ತಿಗೂ ಮುಟ್ಟುವುದಿಲ್ಲ, ಬೇರೆಯವರಿಗೂ ಮುಟ್ಟಗೊಡುವುದಿಲ್ಲ. ಮೊನ್ನೆ ಒಂದು ಚೀಲವನ್ನು ಹಾಗೆಯೇ ವಾಪಸು ಕಳಿಸಿದಳಂತೆ. ಅದು ಕುಲಪತಿಗಳ ಕಚೇರಿಯದೆಂದು ಗಾಡಿಯವನು ತಗ್ಗಿದ ದನಿಯಲ್ಲಿ ಹೇಳಿದ್ದಕ್ಕೆ, ಹಾಗಾದರೆ ಅವರಿಗೆ ತಮ್ಮ ಕೋಣೆಯ ನಂಬರು ಗೊತ್ತಿರಲೇಬೇಕಲ್ಲ ಎಂದಳಂತೆ.