ಶೋಳಾವರಂನಲ್ಲಿ ಒಂದು ಸುತ್ತು

ರಾಮದಾಸ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಉಡುಪಿಯಿಂದ ಮದ್ರಾಸಿಗೆ ಬಂದದ್ದು ಮಾವನ ಹೋಟೆಲಿನಲ್ಲಿ ಹಿಟ್ಟು ರುಬ್ಬಲಿಕ್ಕೆ. ಕೂತು ರುಬ್ಬುವ ಮೈಯೇ ಅವನದಲ್ಲ! ರಾಯಪೇಟೆಯ ಕಾರು ಶೆಡ್ಡಿಗೆ ಓಡಿದ. ಮಾವ ಬೈದು ಬೈದು ಸುಸ್ತಾದ.

ಆ ಶೆಡ್ಡಿಗೆ ಸಾಹುಕಾರ್ ಪರಮೇಶ್ವರಪ್ಪನವರ ಲೋಟಸ್ ಕಾರ್ಟಿನಾ ಬಂತು ನೋಡಿ, ಇವನ ನಿದ್ದೆ ಹೋಯಿತು. ನೋಡಲಿಕ್ಕೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರು, ಬಿಳಿ ಮೈಗೆ ಹಸಿರು ಪಟ್ಟಿ; ಒಳಗಿನ ಎಂಜಿನ್ ಮಾತ್ರ ರೇಸಿನದು. ಅಂಥವು ಕೆಲವೇ ಕೆಲವು ತಯಾರಾದದ್ದಂತೆ. ವರ್ಷವಿಡೀ ಅದರ ಚಾಕರಿ ಮಾಡಿದರೂ ರಾಮದಾಸ ಅದನ್ನು ಶೆಡ್ಡಿನ ಅಂಗಳ ದಾಟಿಸಿದವನಲ್ಲ. ಶೋಳಾವರಂನ ರೇಸಿನ ಹಾದಿಯಲ್ಲಿ ಒಂದೇ ಒಂದು ಸುತ್ತು, ಪೂರ್ತಿ ವೇಗದಲ್ಲಿ, ಅಷ್ಟೇ ಅವನ ಆಸೆ. ಸಾಹುಕಾರರೂ "ಕೊಡ್ತೀನಪ್ಪಾ" ಅಂದಿದ್ದರು.

ಅರವತ್ತಾರರ ಆಯುಧಪೂಜೆ. ಉಳಿದವರೆಲ್ಲ ಗಾಡಿಗೆ ಹೂ ಹಾಕಿ, ನಿಂಬೆಹಣ್ಣು ಮೆಟ್ಟಿಸಿ, ಓಡಿಸಿಕೊಂಡು ಹೋದರು. ನಮ್ಮ ರಾಮದಾಸನದೋ ಅತಿಭಕ್ತಿ! ಸ್ಪ್ಯಾನರುಗಳ ಜೊತೆ ಕಾರಿನ ಕೀಲಿಯನ್ನೂ ಸರಸ್ವತಿಯ ಪಟದ ಮುಂದಿಟ್ಟು ಕುಂಕುಮ ಹಾಕಿಬಿಟ್ಟ. ಹಾಗೆ ಪೂಜೆಗಿಟ್ಟದ್ದನ್ನು ಮರುದಿನದ ಪೂಜೆ ಆಗುವವರೆಗೆ ಮುಟ್ಟುವ ಹಾಗಿಲ್ಲ.

ಮಂಗಳಾರತಿ ಆರುವ ಮೊದಲೇ ಸಾಹುಕಾರರು ಬಂದರು.

"ದಾಸಾ, ಕಾರು ಮಾರಿಬಿಟ್ಟೆ. ಸಂಜೆಗೆ ಕಲ್ಕತ್ತೆಯವರು ಒಯ್ತಾರೆ. ನಡಿ, ನಿನ್ನ ಸುತ್ತು ಮುಗಿಸು."

ಪೂಜೆಗೆಂದು ಬಂದಿದ್ದ ಹೆಂಡತಿ ವಿನೋದಾ, "ಬೇಡ ಮಾರಾಯ್ರೆ, ದೇವರ ಎದುರು ಇಟ್ಟದ್ದು!" ಅಂದಳು. ಅವನು ಬಾಗಿಲಿಗೆ ಹೋದ, ಪಟದ ಹತ್ತಿರ ಬಂದ, ಮತ್ತೆ ಬಾಗಿಲಿಗೆ ಹೋದ. ಕೊನೆಗೆ "ನಾಳೆ ಕಾರೆಲ್ಲಿರ್ತದೆ ಮಾರಾಯ್ತಿ!" ಎನ್ನುತ್ತಾ ಕೆನ್ನೆ ಬಡಿದುಕೊಂಡು ಕೀಲಿ ಎತ್ತಿಯೇಬಿಟ್ಟ.

ಶೋಳಾವರಂನಲ್ಲಿ ರೇಸು ನಡೆಯುವ ಹಳೆಯ ವಿಮಾನದ ರನ್‌ವೇ ಖಾಲಿ ಬಿದ್ದಿತ್ತು. ಸಾಹುಕಾರರು ಇಳಿದು ಬದಿಗೆ ನಿಂತು "ಬಿಡು ನೋಡೋಣ!" ಅಂದರು. ರಾಮದಾಸ ಗೇರು ಹಾಕಿದ. ಬೆರಳಿಗೆ ಕುಂಕುಮ ಅಂಟಿತ್ತು. ಆಕ್ಸಿಲರೇಟರ್ ಒತ್ತು, ಒತ್ತು ಅನ್ನುತ್ತದೆ ಮನಸ್ಸು; ದೇವರ ಮುಂದಿನದನ್ನು ಕದ್ದು ತಂದವನು ನೀನು, ಕಾರಿಗೆ ಏನಾದರೂ ಆದರೆ ನಿನ್ನ ಪಾಪವೇ ಅನ್ನುತ್ತದೆ ಜೀವ. ಮೊದಲ ತಿರುವು ಹೋಯಿತು. ಈಗ ಒತ್ತುತ್ತೇನೆ ಅಂದುಕೊಂಡ. ಎರಡನೆಯದೂ ಹೋಯಿತು. ಈಗ, ಈಗ ಅನ್ನುತ್ತಲೇ ಸಾಹುಕಾರರ ಬಿಳಿ ಪಂಚೆ ಎದುರಿಗೆ ಬಂತು.

"ಏನಪ್ಪಾ, ಎತ್ತಿನಗಾಡಿ ಹೊಡೆದ ಹಾಗೆ ಹೊಡೆದ್ಯಲ್ಲೋ!" ಸಾಹುಕಾರರು ನಕ್ಕರು. "ಬೇಕಾದ್ರೆ ಇನ್ನೊಂದು ಸುತ್ತು ಹೊಡಿ."

ರಾಮದಾಸ ಸ್ಟೀರಿಂಗ್ ಬಿಡದೆ ಕೂತಿದ್ದ.

"ಎಷ್ಟು ಹೊಡೆದ್ರೂ ಇಷ್ಟೇ ಸಾಹುಕಾರ್ರೆ, ಇವತ್ತು ಕಾಲು ನನ್ನ ಮಾತು ಕೇಳುದಿಲ್ಲ" ಅಂದವನು ಗೊಳೋ ಎಂದು ಅತ್ತುಬಿಟ್ಟ.